ಬಂಗು ಬಂದವರಿಗೆ ಸೆರಗೂ ಔಷಧವೇ

ಕೋಲಾರದ ಸುತ್ತಮುತ್ತಲ ತೋಟಗಳಲ್ಲಿ ಟೊಮೆಟೊ ಬಿಡಿಸಲು ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬರು ಕಳೆದ ತಿಂಗಳು ನನ್ನ ಬಳಿ ಬಂದಿದ್ದರು. ಎರಡೂ ಕೆನ್ನೆಗಳ ಮೇಲೆ ಬಂಗು. ಬಿಸಿಲಿನಿಂದ ಹೆಚ್ಚಾಗಿದೆ ಎಂದೆ. 'ಬಿಸಿಲು ತಾಗುವುದು ಬೆಳ್ಳಗಿರುವವರಿಗೆ ಅಲ್ಲವೇ ಡಾಕ್ಟರಮ್ಮ, ನಾನು ಮೊದಲೇ ಕಪ್ಪು' ಎಂದರು.

ಅವರ ಮಾತಿನಲ್ಲಿ ಅರ್ಧ ನಿಜವಿದೆ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುತ್ತದೆ. ಆದ್ದರಿಂದಲೇ ನಮ್ಮ ಚರ್ಮ ಸುಲಭವಾಗಿ ಕೆಂಪಾಗಿ ಸುಲಿಯುವುದಿಲ್ಲ, ಚರ್ಮದ ಕ್ಯಾನ್ಸರ್ ಕೂಡ ಕಡಿಮೆ. ಆದರೆ ಆ ಮೆಲನಿನ್ ತಯಾರಿಸುವ ಕೋಶಗಳು ನಮ್ಮಲ್ಲಿ ಬಹುಬೇಗ ಕೆರಳುತ್ತವೆ. ನೇರಳಾತೀತ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ನೀಲಿ ಬೆಳಕು ಕಪ್ಪು ಚರ್ಮದಲ್ಲಿ ಕಲೆಯನ್ನು ಗಾಢವಾಗಿಸುತ್ತದೆ. ಡಿಸೆಂಬರಿನ ತಣ್ಣನೆಯ ಗಾಳಿಯಲ್ಲಿ ಕಾವು ಗೊತ್ತಾಗದಿದ್ದರೂ ಬೆಳಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಹಚ್ಚಿದರೆ ಕಾಣದಂತಹ ಸನ್‌ಸ್ಕ್ರೀನ್ ಈ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ. ಬಂಗು ಇರುವವರಿಗೆ ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಬೇಕು. ನಮ್ಮ ಹೊಲಗಳ ಕೆಮ್ಮಣ್ಣಿಗೆ ಬಣ್ಣ ಕೊಟ್ಟಿರುವುದೂ ಐರನ್ ಆಕ್ಸೈಡೇ. ಬಿಸಿಲಿನಿಂದ ಎಷ್ಟು ರಕ್ಷಣೆ ಸಿಗುತ್ತದೆಂದು ಹೇಳುವ ಎಸ್‌ಪಿಎಫ್ ಸಂಖ್ಯೆ 30 ಅಥವಾ ಹೆಚ್ಚಿರಲಿ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಬೇಕು, ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ದಿನಗೂಲಿಯಲ್ಲಿ ಇದನ್ನು ಕೊಳ್ಳುವುದು ಕಷ್ಟವೆಂದು ನನಗೆ ಗೊತ್ತು. ಅಂಥವರಿಗೆ ನಾನು ಮೊದಲು ಬರೆಯುವುದು ಬಟ್ಟೆಯನ್ನೇ: ಒತ್ತಾದ ನೇಯ್ಗೆಯ ಗಾಢ ಬಣ್ಣದ ಸೆರಗು ಹಣೆಯ ಮುಂದಕ್ಕೆ ಬರಲಿ, ಅದರ ಮೇಲೆ ಅಗಲ ಅಂಚಿನ ಟೋಪಿ ಇರಲಿ, ತೋಳು ಮುಚ್ಚುವ ಹಳೆಯ ಅಂಗಿಯಿರಲಿ.

ನನಗೆ ನಿಜಕ್ಕೂ ಸಿಟ್ಟು ಬರುವುದು ಬೇರೆಯದಕ್ಕೆ. ಆ ಹೆಣ್ಣುಮಗಳ ಚೀಲದಲ್ಲಿ 'ಬೆಳ್ಳಗಾಗುವ' ಕ್ರೀಮಿನ ಟ್ಯೂಬ್ ಇತ್ತು. ಚೀಟಿಯಿಲ್ಲದೆ ಔಷಧದಂಗಡಿಯಲ್ಲಿ ಕೊಂಡದ್ದು. ಅದರಲ್ಲಿದ್ದದ್ದು ಸ್ಟಿರಾಯ್ಡ್. ಮೊದಲ ಕೆಲವು ವಾರ ಮುಖ ತಿಳಿಯಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ, ಮೊಡವೆ ಎದ್ದು, ಕೆನ್ನೆಯಲ್ಲಿ ಕೂದಲು ಮೂಡಿ, ಬಿಸಿಲಿಗೆ ಹೋದರೆ ಉರಿಯತೊಡಗುತ್ತದೆ. ಬಿಟ್ಟರೆ ಮತ್ತಷ್ಟು ಕೆಂಪು. ಹಾಗಾಗಿ ಬಿಡುವುದನ್ನೂ ವೈದ್ಯರ ಕಣ್ಗಾವಲಿನಲ್ಲೇ ಮಾಡಬೇಕು.

ಟ್ಯೂಬನ್ನು ನನ್ನ ಮೇಜಿನ ಮೇಲೆ ಇಟ್ಟು, 'ನನ್ನ ಬಣ್ಣ ಹೋಗುತ್ತದೆಯೇ?' ಎಂದು ಕೇಳಿದರು. ನಿಮ್ಮ ಬಣ್ಣಕ್ಕೆ ಯಾವ ಕಾಯಿಲೆಯೂ ಇಲ್ಲ, ನಾನು ನೋಡುವುದು ಬಂಗನ್ನು ಮಾತ್ರ, ಅದು ತಿಳಿಯಾಗಲು ತಿಂಗಳುಗಳೇ ಬೇಕು ಎಂದೆ. ಹೊರಡುವಾಗ ಬಾಗಿಲಲ್ಲೇ ನಿಂತು ಸೆರಗನ್ನು ಹಣೆಯ ಮೇಲೆ ಎಳೆದು, ಇಷ್ಟು ಸಾಕೇ ಎಂದು ತೋರಿಸಿದರು. ಇನ್ನೂ ಎರಡು ಬೆರಳು ಮುಂದಕ್ಕೆ ಎಂದೆ.