ಮ್ಯಾಪಿನ ಪಿನ್ ಹಿಡಿದು ಕಳ್ಳನ ಮನೆ ಹುಡುಕಬೇಡಿ

ಮುಂಬೈಯಲ್ಲಿ ಸಣ್ಣ ಕಂಪನಿ, ಹೋಟೆಲು, ಕ್ರೆಡಿಟ್ ಸೊಸೈಟಿಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ನಮ್ಮ ಊರ ಕಡೆಯವರೇ. ಫೋನ್ ಮಾಡಿದರೆ ಮೊದಲು ಊಟ ಆಯ್ತಾ ಅಂತ ಕೇಳಿ, ಆಮೇಲೆ ವಿಷಯಕ್ಕೆ ಬರುವವರು. ಈಚೆಗೆ ಆ ವಿಷಯ ಹೆಚ್ಚಾಗಿ ಒಂದೇ. "ಲಾಗಿನಲ್ಲಿ ಐಪಿ ಅಡ್ರೆಸ್ ಸಿಕ್ಕಿದೆ. ಆಳು ಯಾರು ಅಂತ ಹೇಳಿ ಸಾಕು, ಮುಂದಿನದು ನಾವು ನೋಡ್ಕೊಳ್ತೇವೆ." ಲಾಗ್ ಅಂದರೆ ಯಾರು ಯಾವಾಗ ಬಂದರು ಅಂತ ಸರ್ವರ್ ಬರೆದಿಡುವ ದಾಖಲೆ, ಐಪಿ ಅಡ್ರೆಸ್ ಅಂದರೆ ಇಂಟರ್ನೆಟ್ಟಿನಲ್ಲಿ ಯಂತ್ರಕ್ಕೆ ಇರುವ ನಂಬರಿನ ವಿಳಾಸ.

ಆ 'ಮುಂದಿನದು' ಕೇಳಿದರೆ ನನಗೆ ಭಯವಾಗುತ್ತದೆ.

ವಾಶಿಯ ಮಾರ್ಕೆಟಿನಲ್ಲಿ ಸಗಟು ವ್ಯಾಪಾರ ಮಾಡುವ ಒಬ್ಬರಿದ್ದಾರೆ. ಅವರ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಇರುವ ವಿಂಡೋಸ್ ಸರ್ವರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದಲೇ ಆ ಕಂಪ್ಯೂಟರ್ ಬಳಸುವ ದಾರಿ) ಇಡೀ ಇಂಟರ್ನೆಟ್ಟಿಗೆ ತೆರೆದಿತ್ತು. ಸಿಎ ಮನೆಯಿಂದ ಕೆಲಸ ಮಾಡಲಿ ಅಂತ ಯಾರೋ ಮಾಡಿಕೊಟ್ಟದ್ದು. ಲಾಗ್ ನೋಡಿದರೆ 4625 ನಂಬರಿನ ಸಾಲುಗಳು ತುಂಬಿ ಹೋಗಿವೆ. ಅಂದರೆ ಯಾರೋ ಲಾಗಿನ್ ಆಗಲು ನೋಡಿ ಸೋತಿದ್ದಾರೆ, ಮತ್ತೆ ಮತ್ತೆ. ಇವರ ಅಕ್ಕನ ಮಗ ಆ ಐಪಿಯನ್ನು ಒಂದು ಫ್ರೀ ವೆಬ್‌ಸೈಟಿಗೆ ಹಾಕಿದ. ಮ್ಯಾಪಿನಲ್ಲಿ ಪಿನ್ ಬಂದು ಕೂತದ್ದು ಐರೋಲಿಯಲ್ಲಿ. ಜಗಳ ಮಾಡಿಕೊಂಡು ಕೆಲಸ ಬಿಟ್ಟ ಅಕೌಂಟೆಂಟ್ ಹುಡುಗನ ಮನೆಯೂ ಐರೋಲಿಯಲ್ಲೇ. ಮುಗೀತು. "ಅವನೇ ಸರ್, ಬೇರೆ ಯಾರೂ ಅಲ್ಲ. ಸಂಬಳ ಬಾಕಿ ಇದೆ ಅಂತ ಕೂಗಾಡಿ ಹೋಗಿದ್ದ." ಅವನ ಮನೆಗೆ ಇಬ್ಬರನ್ನು ಕಳಿಸುವ ಮಾತೂ ಆಗಿತ್ತು.

ಐರೋಲಿ, ರಬಾಳೆ, ಮಹಾಪೆ ಕಡೆ ಹೋದವರು ನೋಡಿರುತ್ತೀರಿ, ಅಲ್ಲಿ ಡೇಟಾ ಸೆಂಟರುಗಳು ಸಾಲು ಹಿಡಿದು ನಿಂತಿವೆ. ಅಲ್ಲಿನ ಒಂದು ಸರ್ವರನ್ನು ಲಂಡನ್‌ನಲ್ಲಿ ಕೂತವನೂ ತಿಂಗಳ ಬಾಡಿಗೆಗೆ ತೆಗೆದುಕೊಳ್ಳಬಹುದು. ಯಾವ ಐಪಿ ಯಾರಿಗೆ ಕೊಟ್ಟದ್ದು ಅಂತ ಹೇಳುವ ಹೂಇಸ್ ಪಟ್ಟಿ ತೆಗೆದು ನೋಡಿದರೆ ಆ ಐಪಿ ಒಂದು ಹೋಸ್ಟಿಂಗ್ ಕಂಪನಿಯದ್ದು. ಲಾಗ್ ಸಮೇತ ಅವರಿಗೆ ಮೇಲ್ ಕಳಿಸಿದೆವು. ಕೆಲವು ದಿನದಲ್ಲಿ ಉತ್ತರ ಬಂತು: ನಮ್ಮ ಗ್ರಾಹಕರೊಬ್ಬರ ಸರ್ವರಿಗೆ ಯಾರೋ ನುಗ್ಗಿದ್ದರು, ಸದ್ಯಕ್ಕೆ ಬಂದ್ ಮಾಡಿದ್ದೇವೆ. ಗ್ರಾಹಕ ಯಾರು ಅಂತ ಹೇಳಲಿಲ್ಲ, ನಮಗೆ ಹೇಳಬೇಕಾಗಿಯೂ ಇಲ್ಲ. ಅಕೌಂಟೆಂಟ್ ಹುಡುಗನಿಗೂ ಇದಕ್ಕೂ ಸಂಬಂಧ ಇದೆ ಅನ್ನಲು ಒಂದು ಸಾಲಿನ ಆಧಾರವೂ ಇರಲಿಲ್ಲ. ಅವನ ಬಾಕಿ ಸಂಬಳ ಕೊಟ್ಟುಬಿಡಿ ಅಂತ ಹೇಳಿದೆ. ಕೊಟ್ಟರು. ರಿಮೋಟ್ ಡೆಸ್ಕ್‌ಟಾಪನ್ನು ವಿಪಿಎನ್ (ಗೊತ್ತಿದ್ದವರಿಗೆ ಮಾತ್ರ ತೆರೆಯುವ ಖಾಸಗಿ ದಾರಿ) ಹಿಂದೆ ಸರಿಸಿದ ಮೇಲೆ 4625ರ ಆ ಸಾಲುಗಳೂ ನಿಂತವು.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಲಾಗಿನಲ್ಲಿ ಕಾಣುವ ಐಪಿ, ದಾಳಿ ಮಾಡಿದ ಯಂತ್ರದ್ದು. ಆ ಯಂತ್ರವನ್ನು ಓಡಿಸಿದವನದ್ದು ಅಂತ ಏನೂ ಇಲ್ಲ. ಕದ್ದ ಬೈಕಿನಲ್ಲಿ ಬಂದು ಸರ ಕಿತ್ತುಕೊಂಡು ಹೋದರೆ, ನಂಬರ್ ಪ್ಲೇಟಿನಿಂದ ಸಿಗುವುದು ಬೈಕ್ ಕಳೆದುಕೊಂಡವನ ಮನೆ. ನಂಬರ್ ಬರೆದುಕೊಳ್ಳಲೇಬೇಕು, ಪೊಲೀಸರಿಗೂ ಕೊಡಬೇಕು. ಆದರೆ ಆ ಮನೆಯ ಬಾಗಿಲಿಗೆ ಕಲ್ಲು ಹೊಡೆಯುವುದು ಅನ್ಯಾಯ.

2016ರಲ್ಲಿ ಮಿರಾಯ್ ಎಂಬ ಬಾಟ್‌ನೆಟ್ (ಕದ್ದು ವಶ ಮಾಡಿಕೊಂಡ ಯಂತ್ರಗಳ ಪಡೆ) ಹರಡಿದ್ದು ಹೀಗೇ. ಸಿಸಿಟಿವಿ ಕ್ಯಾಮರಾ, ಅದರ ವಿಡಿಯೋ ತುಂಬಿಡುವ ಡಿವಿಆರ್, ಮನೆಯ ರೂಟರ್‌ಗಳಿಗೆ ಕಂಪನಿ ಹಾಕಿ ಕಳಿಸಿದ ಪಾಸ್‌ವರ್ಡುಗಳ ಸಣ್ಣ ಪಟ್ಟಿ ಇಟ್ಟುಕೊಂಡು ಒಳಗೆ ನುಗ್ಗಿತು. ಆ ವರ್ಷ ಅಕ್ಟೋಬರ್ 21ರಂದು ಡೈನ್ ಎಂಬ ಕಂಪನಿಯ, ಸೈಟಿನ ಹೆಸರಿನಿಂದ ಅದರ ಐಪಿ ಹುಡುಕಿಕೊಡುವ ಡಿಎನ್‌ಎಸ್ ಸರ್ವರುಗಳ ಮೇಲೆ ಇಂಥ ಯಂತ್ರಗಳೆಲ್ಲ ಒಟ್ಟಿಗೆ ಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಸೈಟುಗಳೇ ಅಮೆರಿಕದಲ್ಲಿ ಗಂಟೆಗಟ್ಟಲೆ ಸರಿಯಾಗಿ ಸಿಗಲಿಲ್ಲ. ದಾಳಿ ಮಾಡಿದ ಐಪಿಗಳು ಲೋಕದ ತುಂಬ ಹರಡಿದ್ದವು. ಆ ಡಿವಿಆರುಗಳ ಮಾಲೀಕರಿಗೆ ಇದರ ಗಂಧವೂ ಇರಲಿಲ್ಲ. ಮಿರಾಯ್ ಬರೆದದ್ದು ನಾವೇ ಅಂತ 2017ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡವರು ಅಮೆರಿಕದ ಮೂವರು ಯುವಕರು.

ಇನ್ನು ಆ ಮ್ಯಾಪು. ಐಪಿಯಿಂದ ಊರು ಹೇಳುವುದು ಒಂದು ಅಂದಾಜು ಅಷ್ಟೇ. ದೇಶ ಹೆಚ್ಚಾಗಿ ಸರಿ ಇರುತ್ತದೆ, ಊರು ಎಷ್ಟೋ ಸಲ ತಪ್ಪಿರುತ್ತದೆ, ಬೀದಿಯನ್ನಂತೂ ನಂಬಲೇಬಾರದು. ಮ್ಯಾಕ್ಸ್‌ಮೈಂಡ್ ಎಂಬ ಕಂಪನಿಯ ಪಟ್ಟಿಯಲ್ಲಿ, ಅಮೆರಿಕದ್ದು ಅಂತ ಮಾತ್ರ ಗೊತ್ತಿದ್ದ ಸುಮಾರು 60 ಕೋಟಿ ಐಪಿಗಳಿಗೆ ದೇಶದ ನಡುಭಾಗದ ಒಂದು ಬಿಂದುವನ್ನು ಕೊಟ್ಟಿದ್ದರು. ಆ ಬಿಂದು ಬಿದ್ದದ್ದು ಕಾನ್ಸಾಸ್ ರಾಜ್ಯದ ಒಂದು ತೋಟದ ಮನೆಯ ಮೇಲೆ. ವರ್ಷಗಟ್ಟಲೆ ಪೊಲೀಸರು, ತನಿಖೆಯವರು, ಮೋಸ ಹೋಗಿ ಸಿಟ್ಟಾದ ಜನ ಆ ಮನೆ ಬಾಗಿಲಿಗೆ ಬಂದರು. ಯಾಕೆ ಬರುತ್ತಿದ್ದಾರೆ ಅಂತ ಮನೆಯವರಿಗೆ ತಿಳಿದದ್ದು 2016ರಲ್ಲಿ. ಆಮೇಲೆ ಕಂಪನಿ ಆ ಬಿಂದುವನ್ನು ಒಂದು ಕೆರೆಯ ನಡುವಿಗೆ ಸರಿಸಿತು. ವಾಶಿಯವರ ಅಕ್ಕನ ಮಗ ಐರೋಲಿಯ ಪಿನ್ ತೋರಿಸಿದಾಗ ನನಗೆ ನೆನಪಾದದ್ದು ಈ ಕಥೆಯೇ.

"ನಮ್ಮ ಮೇಲೆ ಯಾರಿಗೆ ಇಷ್ಟು ದ್ವೇಷ?" ಅಂತ ಕೇಳುವವರೂ ಇದ್ದಾರೆ. ಒಂದು ಸಂಘದ ವಧೂವರರ ವೆಬ್‌ಸೈಟ್ ನೋಡಿಕೊಳ್ಳುವ ಹಿರಿಯರು ಹೀಗೆ ಕೇಳಿ, ಎದುರು ಪಕ್ಷದವರ ಕೆಲಸವೇ ಇದು, ಕಮಿಟಿ ಎಲೆಕ್ಷನ್ ಹತ್ತಿರ ಬಂತಲ್ಲ ಅಂದರು. ತುಂಬ ನೊಂದಿದ್ದರು. ಯಾರಿಗೂ ದ್ವೇಷ ಇಲ್ಲ ಅಂತ ಸಮಾಧಾನ ಹೇಳಿದೆ. ಐಪಿಯ ಹಳೆಯ, ಈಗಲೂ ಬಳಕೆಯಲ್ಲಿರುವ ಪದ್ಧತಿ ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಅಷ್ಟನ್ನೂ ಒಂದು ಗಂಟೆಯೊಳಗೆ ತಟ್ಟಿ ನೋಡಬಹುದು ಅಂತ 2013ರಲ್ಲೇ ಮಿಶಿಗನ್ ವಿಶ್ವವಿದ್ಯಾಲಯದವರು ಝೀಮ್ಯಾಪ್ ಎಂಬ ಸಾಧನ ಮಾಡಿ ತೋರಿಸಿದ್ದಾರೆ. ಹಾಗಾಗಿ ಸರ್ವರ್ ಆನ್ ಆದ ಸ್ವಲ್ಪ ಹೊತ್ತಿಗೇ ರೂಟ್, ಅಡ್ಮಿನ್, ಟೆಸ್ಟ್, ಒರಾಕಲ್ ಅಂತ ಹೆಸರು ಹಾಕಿ ತಟ್ಟುವುದು ಶುರುವಾಗುತ್ತದೆ. ತಟ್ಟುವವರಲ್ಲಿ ಒಳ್ಳೆಯವರೂ ಇದ್ದಾರೆ. ಶ್ಯಾಡೋಸರ್ವರ್‌ನಂಥ ಸಂಸ್ಥೆಗಳು ಎಲ್ಲೆಲ್ಲಿ ಬಾಗಿಲು ತೆರೆದಿದೆ ಅಂತ ನೋಡಿ, ನೆಟ್‌ವರ್ಕ್ ಮಾಲೀಕರಿಗೆ ಪುಕ್ಕಟೆ ವರದಿ ಕಳಿಸುತ್ತವೆ.

ಹಾಗಾದರೆ ಐಪಿ ಬರೆದುಕೊಂಡು ಏನು ಪ್ರಯೋಜನ? ತುಂಬ ಇದೆ. ಸರಿಯಾದ ಜಾಗಕ್ಕೆ ಸರಿಯಾಗಿ ತಿಳಿಸಿದರೆ ಆ ಯಂತ್ರ ಸ್ವಚ್ಛವಾಗುತ್ತದೆ. ನಿಮಗೆ ಮಾತ್ರ ಅಲ್ಲ, ಅದು ತಟ್ಟುತ್ತಿದ್ದ ಎಲ್ಲರಿಗೂ ಕಾಟ ತಪ್ಪುತ್ತದೆ.

ಸರಿಯಾದ ಜಾಗ ಅಂದರೆ ಆ ಐಪಿ ಇರುವ ನೆಟ್‌ವರ್ಕಿನ ಅಬ್ಯೂಸ್ ವಿಭಾಗ, ಅಂದರೆ ದುರ್ಬಳಕೆಯ ದೂರು ನೋಡುವವರು. ಅಬ್ಯೂಸ್ ಅನ್ನುವ ಹೆಸರಿನಲ್ಲೇ ಒಂದು ಮೇಲ್ ವಿಳಾಸ ಇರಬೇಕು ಅಂತ 1997ರಲ್ಲೇ ಇಂಟರ್ನೆಟ್ಟಿನ ನಿಯಮದಲ್ಲಿ ಬರೆದಿದೆ. ಹೂಇಸ್‌ನಲ್ಲಿ ಅದು ಸಿಗುತ್ತದೆ. ಇಲ್ಲಿ ಜನ ಎಡವುವುದು ಹೀಗೆ: ಹೂಇಸ್‌ನಲ್ಲಿ ಮೊದಲು ಎಪಿನಿಕ್, ಬ್ರಿಸ್ಬೇನ್, ಆಸ್ಟ್ರೇಲಿಯಾ ಅಂತ ಕಾಣುತ್ತದೆ. ತಕ್ಷಣ "ಆಸ್ಟ್ರೇಲಿಯಾದವರು ದಾಳಿ ಮಾಡ್ತಿದ್ದಾರೆ" ಅಂತ ಫೋನ್. ಎಪಿನಿಕ್ ಏಷ್ಯಾ ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಸಂಸ್ಥೆ. ನಮ್ಮ ದೇಶದಲ್ಲಿ ಅದರ ಕೆಳಗೆ ಐಆರ್‌ಐಎನ್‌ಎನ್ ಇದೆ. ಸರ್ವರುಗಳು ಇವರ ಕೈಯಲ್ಲಿ ಇಲ್ಲ, ಯಾವುದನ್ನೂ ಅವರು ಬಂದ್ ಮಾಡಲಾರರು. ಇನ್ನೂ ಕೆಳಗೆ ಓದಿ. ಯಾವ ಕಂಪನಿಗೆ ಆ ವಿಳಾಸ ಕೊಟ್ಟಿದ್ದಾರೆ ಅಂತ ಅಲ್ಲಿ ಇರುತ್ತದೆ.

ಸರಿಯಾಗಿ ತಿಳಿಸುವುದು ಅಂದರೆ ಲಾಗಿನ ಸಾಲನ್ನು ಇದ್ದ ಹಾಗೇ ಕಳಿಸುವುದು. ಒಂದು ಸಾಲು ಹೀಗಿರುತ್ತದೆ ಅಂದುಕೊಳ್ಳಿ: 02:10:33, ಫೇಲ್ಡ್ ಪಾಸ್‌ವರ್ಡ್ ಫಾರ್ ರೂಟ್, 203.0.113.45, ಪೋರ್ಟ್ 51122. (ಈ ಐಪಿ ಉದಾಹರಣೆಗೆಂದೇ ತೆಗೆದಿಟ್ಟದ್ದು, ಯಾರದ್ದೂ ಅಲ್ಲ.) ಇಲ್ಲಿ ಎಲ್ಲರೂ ಐಪಿಯನ್ನು ಮಾತ್ರ ಬರೆಯುತ್ತಾರೆ. ಸಮಯ ಬರೆದರೆ "ರಾತ್ರಿ ಎರಡು ಗಂಟೆ ಸುಮಾರಿಗೆ" ಅನ್ನುತ್ತಾರೆ. ಆ ಯಂತ್ರ ಆ ಸಂಪರ್ಕಕ್ಕೆ ಬಳಸಿದ ನಂಬರು, ಅಂದರೆ ಪೋರ್ಟನ್ನು, ಯಾರೂ ಬರೆಯುವುದಿಲ್ಲ.

ಸಮಯದ ವಿಷಯಕ್ಕೆ ಬರೋಣ, ನನಗೆ ಅತಿ ಜಾಸ್ತಿ ತಲೆನೋವು ಕೊಡುವುದೇ ಇದು. ಬಾಡಿಗೆಗೆ ಸಿಗುವ ಕ್ಲೌಡ್ ಸರ್ವರುಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇರುತ್ತದೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆ ಲಾಗಿನ 02:10 ಅಂದರೆ ನಮ್ಮ ಬೆಳಿಗ್ಗೆ 7:40. ಘಾಟ್‌ಕೋಪರ್‌ನ ಒಂದು ಕ್ರೆಡಿಟ್ ಸೊಸೈಟಿಯವರು ಅದನ್ನೇ ರಾತ್ರಿ 2:10 ಅಂತ ಬರೆದು ಒಂದು ಬ್ರಾಡ್‌ಬ್ಯಾಂಡ್ ಕಂಪನಿಗೆ ದೂರು ಕೊಟ್ಟಿದ್ದರು. ರಾತ್ರಿ 2:10ಕ್ಕೆ ಆ ಐಪಿ ಒಬ್ಬರ ಮನೆಯಲ್ಲಿ ಇದ್ದಿರಬಹುದು, ಬೆಳಿಗ್ಗೆ 7:40ಕ್ಕೆ ಇನ್ನೊಬ್ಬರ ಮನೆಯಲ್ಲಿ. ಮನೆಯ ಕನೆಕ್ಷನ್ನುಗಳ ಐಪಿ ಹೀಗೆ ಕೈ ಬದಲಾಯಿಸುತ್ತಲೇ ಇರುತ್ತದೆ. ಕಂಪನಿಯವರು ಬರೆದ ಸಮಯವನ್ನೇ ನಂಬಿದ್ದರೆ, ಮಲಗಿ ನಿದ್ದೆ ಹೊಡೆಯುತ್ತಿದ್ದವರ ಕನೆಕ್ಷನ್ ಹೋಗುತ್ತಿತ್ತು. ಅದೃಷ್ಟಕ್ಕೆ ಯಾವ ಟೈಮ್ ಝೋನ್ ಅಂತ ತಿರುಗಿ ಕೇಳಿದರು.

ಪೋರ್ಟ್ ಯಾಕೆ ಬೇಕು? ಐಪಿವಿ4 ವಿಳಾಸಗಳಿಗೆ ಬರ. ಎಪಿನಿಕ್‌ನ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಕೊನೆಯ ಪಾಲಿಗೆ ಬಂದು ನಿಂತಿತು. ಮೊಬೈಲ್ ಕಂಪನಿಗಳು, ಎಷ್ಟೋ ಕೇಬಲ್ ಇಂಟರ್ನೆಟ್‌ನವರು ಒಂದೇ ಐಪಿಯನ್ನು ಒಂದೇ ಹೊತ್ತಿಗೆ ತುಂಬ ಜನರಿಗೆ ಹಂಚುತ್ತಾರೆ. ಅವರಲ್ಲಿ ಒಬ್ಬರನ್ನು ಗುರುತಿಸಲು ಸೆಕೆಂಡಿನವರೆಗಿನ ಸಮಯವೂ ಬೇಕು, ಪೋರ್ಟ್ ನಂಬರೂ ಬೇಕು. ಎರಡೂ ಇಲ್ಲದ ದೂರನ್ನು ಅವರು ಪಕ್ಕಕ್ಕಿಟ್ಟರೆ ಅದು ಸೋಮಾರಿತನ ಅಲ್ಲ, ಬೇರೆ ದಾರಿ ಇಲ್ಲ.

ಅಬ್ಯೂಸ್‌ಐಪಿಡಿಬಿಯಂಥ ಕೆಟ್ಟ ಐಪಿಗಳ ಸಾರ್ವಜನಿಕ ಪಟ್ಟಿಗಳಿಗೂ ವರದಿ ಮಾಡಬಹುದು, ನಾನೂ ಮಾಡುತ್ತೇನೆ. ಆದರೆ ಫೇಲ್‌2ಬ್ಯಾನ್ (ಮತ್ತೆ ಮತ್ತೆ ಸೋತ ಐಪಿಯನ್ನು ತಾನಾಗಿ ತಡೆಯುವ ಸಾಫ್ಟ್‌ವೇರ್) ಹಾಕಿ, ಸೋತ ಲಾಗಿನ್ ಎಲ್ಲವನ್ನೂ ತಾನಾಗಿ ಪಟ್ಟಿಗೆ ಕಳಿಸುವ ಹಾಗೆ ಬಿಟ್ಟರೆ ಅಪಾಯ ಇದೆ. ಊರಿಗೆ ಹೋಗಿ ಬಂದ ಮ್ಯಾನೇಜರ್ ಪಾಸ್‌ವರ್ಡ್ ಮರೆತು ಐದು ಸಲ ತಪ್ಪು ಹೊಡೆದರು ಅನ್ನಿ, ನಿಮ್ಮ ಸರ್ವರೇ ನಿಮ್ಮ ಆಫೀಸಿನ ಐಪಿಯನ್ನು ದಾಳಿಕೋರ ಅಂತ ಲೋಕಕ್ಕೆ ಸಾರುತ್ತದೆ. ನಿಮ್ಮ ಐಪಿಗಳನ್ನು ಮೊದಲೇ ವಿನಾಯಿತಿ ಪಟ್ಟಿಗೆ ಸೇರಿಸಿ. ಇನ್ನೊಂದು, ಯುಡಿಪಿ (ಉತ್ತರಕ್ಕೆ ಕಾಯದೆ ಮಾಹಿತಿ ಕಳಿಸುವ ರೀತಿ) ಪ್ರವಾಹದಲ್ಲಿ ಕಾಣುವ ಐಪಿಯನ್ನು ಕಣ್ಣು ಮುಚ್ಚಿ ವರದಿ ಮಾಡಬೇಡಿ. ಅಲ್ಲಿ ಕಳಿಸಿದವರ ವಿಳಾಸವನ್ನೇ ಸುಳ್ಳು ಬರೆಯಬಹುದು. ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಬಳಸುವ ದಾರಿ) ಲಾಗಿನ್‌ನಂಥ ಟಿಸಿಪಿ ಸಂಪರ್ಕದಲ್ಲಿ ಎರಡೂ ಕಡೆ ಮಾತುಕತೆ ಆಗಲೇಬೇಕು, ಅಲ್ಲಿ ಈ ಅನುಮಾನ ಕಡಿಮೆ. ಬ್ಲಾಕ್ ಮಾಡಿದರೂ ಅವಧಿ ಇಟ್ಟು ಮಾಡಿ. ಇವತ್ತಿನ ಕೆಟ್ಟ ಐಪಿ ಮುಂದಿನ ತಿಂಗಳು ನಿಮ್ಮ ಗಿರಾಕಿಗೇ ಸಿಗಬಹುದು.

"ನೀವೇ ತಿರುಗಿ ಹೊಡೀರಿ ಸರ್, ಫೀ ಎಷ್ಟಾದರೂ ಕೊಡ್ತೇವೆ" ಅನ್ನುವವರಿಗೆ ನನ್ನ ಉತ್ತರ ಚಿಕ್ಕದು. ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗುವುದನ್ನು ತಡೆಯುವ 2000ದ ಐಟಿ ಕಾಯ್ದೆಯ 66ನೇ ಸೆಕ್ಷನ್ ನಿಮಗೂ ನನಗೂ ಒಂದೇ. ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಇಷ್ಟು ಹೊತ್ತು ಹೇಳಿದ್ದು ಬಾಗಿಲು ತಟ್ಟಿದ್ದರ ಬಗ್ಗೆ. ಒಳಗೇ ಬಂದಿದ್ದರೆ ಮಾತು ಬೇರೆ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸರ್ಟ್‌ ಇನ್ (ಸೈಬರ್ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದ ಪ್ರಕಾರ, ಪಟ್ಟಿಯಲ್ಲಿರುವ ಘಟನೆಗಳನ್ನು ತಿಳಿದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು, ಲಾಗುಗಳನ್ನು 180 ದಿನ ಇಟ್ಟುಕೊಂಡಿರಬೇಕು. ನಿಮ್ಮ ಘಟನೆ ಆ ಪಟ್ಟಿಗೆ ಬರುತ್ತದೋ ಇಲ್ಲವೋ ಅನ್ನುವುದನ್ನು ವಕೀಲರನ್ನೋ ಆಡಿಟರನ್ನೋ ಕೇಳಿ. ನಾನು ಸರ್ವರ್ ನೋಡುವವ, ಕಾನೂನಿನ ಕೊನೆಯ ಮಾತು ನನ್ನದಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಇಂಥದ್ದೇ ದೂರು ನಿಮ್ಮ ಮೇಲೂ ಬರುತ್ತದೆ. ಮಾಟುಂಗಾದ ಒಬ್ಬ ಹೋಟೆಲ್ ಮಾಲೀಕರಿಗೆ ಅವರ ಇಂಟರ್ನೆಟ್ ಕಂಪನಿಯಿಂದ "ನಿಮ್ಮ ಐಪಿಯಿಂದ ದಾಳಿ ಆಗುತ್ತಿದೆ" ಅಂತ ಮೇಲ್ ಬಂದಿತ್ತು. ಮೋಸದ ಮೇಲ್ ಇರಬೇಕು ಅಂತ ಡಿಲೀಟ್ ಮಾಡಿದ್ದರು. ಕನೆಕ್ಷನ್ ಕಟ್ ಆದ ಮೇಲೆ ನನ್ನನ್ನು ಕರೆದರು. ಹೋಗಿ ನೋಡಿದರೆ ಗಲ್ಲಾ ಪಕ್ಕದ ಶೆಲ್ಫಿನಲ್ಲಿ, ದೇವರ ಫೋಟೋ ಕೆಳಗೆ ಡಿವಿಆರ್. ಬಾಕ್ಸಿನಿಂದ ತೆಗೆದ ದಿನದ ಪಾಸ್‌ವರ್ಡೇ ಇನ್ನೂ ಇತ್ತು. "ಶೆಟ್ರೇ, ದಾಳಿ ಮಾಡ್ತಿದ್ದದ್ದು ಇದು" ಅಂದರೆ ಅವರಿಗೆ ನಂಬಲಾಗಲಿಲ್ಲ. ಪಾಪ, ಊರಲ್ಲಿ ಕೂತು ಮೊಬೈಲಿನಲ್ಲಿ ಹೋಟೆಲ್ ನೋಡಬೇಕು ಅಂತ ಹಾಕಿಸಿಕೊಂಡದ್ದು.

ಅಂಥ ಮೇಲ್ ಬಂದರೆ ಅದರಲ್ಲಿರುವ ಲಿಂಕ್ ಒತ್ತಬೇಡಿ, ಡಿಲೀಟ್ ಕೂಡ ಮಾಡಬೇಡಿ. ನಿಮ್ಮ ಸರ್ವರ್ ನೋಡುವವರಿಗೆ ಇಡೀ ಮೇಲನ್ನು ಫಾರ್ವರ್ಡ್ ಮಾಡಿ. ಸ್ಕ್ರೀನ್‌ಶಾಟ್ ಸಾಲದು. ಕೆಳಗೆ ಲಾಗಿನ ಸಾಲುಗಳಿರುತ್ತವೆ, ನಮಗೆ ಬೇಕಾದ ಸಮಯ ಮತ್ತು ಪೋರ್ಟ್ ಅಲ್ಲೇ ಸಿಗುವುದು.