ಸಣ್ಣ ಗೆರೆ ಕಳೆದುಹೋಗುವ ಜಾಗ

ಕೆಲವು ವರ್ಷಗಳ ಹಿಂದೆ ಕಾಫಿಪುಡಿ ಮಾರುವ ಸಂಸ್ಥೆಯೊಂದಕ್ಕೆ ಲೋಗೊ ಮಾಡಿಕೊಡುವಾಗ ಅದರ ಇಂಗ್ಲಿಷ್ ಹೆಸರಿಗೆ ಬೊಡೋನಿ ಶೈಲಿಯ ಸೆರಿಫ್ ಫಾಂಟ್ ಆರಿಸಿದ್ದೆ. ಸೆರಿಫ್ ಎಂದರೆ ಅಕ್ಷರದ ಗೆರೆಗಳ ತುದಿಯಲ್ಲಿ ಚಾಚಿರುವ ಪುಟ್ಟ ಗೀಟು. ದಪ್ಪ ಕಂಬಗಳ ಪಕ್ಕದಲ್ಲಿ ಕೂದಲೆಳೆಯಂಥ ಗೆರೆಗಳು ಪರದೆಯ ಮೇಲೆ ಬಹಳ ಸೊಗಸಾಗಿ ಕಂಡವು, ಮಾಲೀಕರೂ ಒಪ್ಪಿದರು. 100 ಗ್ರಾಂ ಪೊಟ್ಟಣ ಅಚ್ಚಾಗಿ ಬಂದಾಗ ಕಡುಕಂದು ಹಿನ್ನೆಲೆಯ ಬಿಳಿ ಅಕ್ಷರಗಳಲ್ಲಿ ಆ ಸಣ್ಣ ಗೆರೆಗಳೇ ಇರಲಿಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ಶಾಯಿ ಅಕ್ಕಪಕ್ಕಕ್ಕೆ ಹರಡಿ ಅವನ್ನು ನುಂಗಿತ್ತು. ಹೆಸರಿನಲ್ಲಿ ‘ಎನ್’ ಎರಡು ಸಲ ಬರುತ್ತಿತ್ತು. ಬೊಡೋನಿಯ ದೊಡ್ಡ ‘ಎನ್’ಗೆ ಎರಡೂ ನೇರ ಕಾಲುಗಳು ಸಣ್ಣ, ನಡುವಿನ ಓರೆಗೆರೆ ಮಾತ್ರ ದಪ್ಪ. ಪೊಟ್ಟಣದ ಮೇಲೆ ಉಳಿದದ್ದು ಎರಡು ಓರೆ ಗೀಟುಗಳು. ತಪ್ಪು ಮುದ್ರಕರದ್ದಲ್ಲ, ನನ್ನದು.

18ನೆಯ ಶತಮಾನದ ಕೊನೆಯಲ್ಲಿ ಇಟಲಿಯ ಪಾರ್ಮಾದ ಮುದ್ರಕ ಬೊಡೋನಿ ಮತ್ತು ಪ್ಯಾರಿಸ್ಸಿನ ದಿದೋ ಮನೆತನದವರು ಈ ಬಗೆಯ ಅಕ್ಷರಗಳನ್ನು ನುಣುಪು ಕಾಗದವನ್ನೂ ಎಚ್ಚರದ ಮುದ್ರಣವನ್ನೂ ನಂಬಿ ಕೊರೆದರು. ಅಚ್ಚುಮೊಳೆಯ ಕಾಲದಲ್ಲಿ ಪ್ರತಿ ಅಳತೆಗೂ ಅಕ್ಷರವನ್ನು ಬೇರೆಯಾಗಿಯೇ ಕೊರೆಯುತ್ತಿದ್ದರು. ಅಳತೆ ಕಿರಿದಾದಂತೆ ಸಣ್ಣ ಗೆರೆಗಳನ್ನು ತುಸು ದಪ್ಪವಾಗಿಸಿ, ಅಕ್ಷರಗಳ ನಡುವೆ ಜಾಗ ಬಿಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಬಹುತೇಕ ಫಾಂಟುಗಳಲ್ಲಿ ಒಂದೇ ರೇಖಾಕೃತಿಯನ್ನು ಹಿಗ್ಗಿಸಿ ಕುಗ್ಗಿಸುವುದು ರೂಢಿಯಾಯಿತು, ಆ ಜಾಣತನ ಮರೆಯಿತು. ಈಗ ಅದು ಮರಳುತ್ತಿದೆ: ಮುಕ್ತವಾಗಿ ಸಿಗುವ ‘ಫ್ರೌನ್ಸಸ್’ ಫಾಂಟಿನಲ್ಲಿ 9ರಿಂದ 144 ಪಾಯಿಂಟ್‌ವರೆಗೆ ಅಳತೆಗೆ ತಕ್ಕಂತೆ ಅಕ್ಷರದ ಆಕಾರವೇ ಬದಲಾಗುತ್ತದೆ, ಮೂಲೆಗಳ ಮೆದುತನವನ್ನೂ ನಾವೇ ಹೊಂದಿಸಿಕೊಳ್ಳಬಹುದು. ಶೀರ್ಷಿಕೆಗೆಂದು ರೂಪಿಸಿದ ಫಾಂಟನ್ನು ಪೊಟ್ಟಣದ ಹಿಂಬದಿಯ ವಿವರಕ್ಕೂ ಬಳಸುವವರು ಇದನ್ನು ಒಮ್ಮೆ ತೆರೆದು ನೋಡಬೇಕು.

ಅಕ್ಷರದ ಸ್ವಭಾವದ ಮಾತು ಆಮೇಲಿನದು. 1922ರ ‘ಕೂಪರ್ ಬ್ಲ್ಯಾಕ್’ ಅಕ್ಷರಗಳ ತುದಿಗಳು ಬೆಣ್ಣೆಯಂತೆ ದುಂಡಗಿವೆ. ಅದರಲ್ಲಿ ಬರೆದ ಬೇಕರಿಯ ಹೆಸರು ನಗುತ್ತದೆ, ವಕೀಲರ ಹೆಸರೂ ನಗುತ್ತದೆ, ತೊಂದರೆ ಅಲ್ಲಿದೆ. ಫ್ಯಾಷನ್ ಸಂಸ್ಥೆಗಳು ಸಾಲಾಗಿ ಸೆರಿಫ್ ಬಿಟ್ಟ ಕಾಲದಲ್ಲಿ ಬರ್ಬೆರಿಯೂ 2018ರಲ್ಲಿ ದಪ್ಪನೆಯ ಸರಳ ಅಕ್ಷರಗಳಿಗೆ ಹೊರಳಿತು, 2023ರಲ್ಲಿ ಸೆರಿಫ್‌ಗೆ ವಾಪಸಾಯಿತು. ಎಲ್ಲರ ಹೆಸರೂ ಒಂದೇ ದನಿಯಲ್ಲಿ ಕೇಳತೊಡಗಿದಾಗ ಯಾರಾದರೂ ಬೇರೆ ದನಿ ಹುಡುಕುವುದು ಸಹಜ, ಆದರೆ ಈಗ ಮೆದು ಸೆರಿಫ್‌ಗಳೇ ಹೊಸ ಸಮವಸ್ತ್ರವಾಗುತ್ತಿವೆ ಎಂದು ನನಗನಿಸುತ್ತದೆ.

ಕರ್ನಾಟಕದಲ್ಲಿ ಅಂಗಡಿ ತೆರೆಯುವವರಿಗೆ ಇನ್ನೊಂದು ಲೆಕ್ಕವಿದೆ. 2024ರ ತಿದ್ದುಪಡಿ ಕಾಯ್ದೆಯಂತೆ ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು. ಆದ್ದರಿಂದ ಇಂಗ್ಲಿಷ್ ಸೆರಿಫನ್ನು ಮೊದಲು ಮುಗಿಸಿ, ಉಳಿದ ಜಾಗಕ್ಕೆ ಕಂಪ್ಯೂಟರಿನಲ್ಲಿ ಸಿಕ್ಕ ಕನ್ನಡ ಫಾಂಟನ್ನು ತುರುಕುವ ಪದ್ಧತಿ ಇನ್ನು ನಡೆಯದು. ಕನ್ನಡ ಲಿಪಿಯಲ್ಲಿ ಸೆರಿಫ್ ಇಲ್ಲ. ತಲೆಕಟ್ಟು ಸೆರಿಫ್ ಅಲ್ಲ, ಅದು ಅಕ್ಷರದ ಅಂಗ. ಅದಕ್ಕೆ ಕೊಕ್ಕೆ ಅಂಟಿಸಿ ರೋಮನ್ ವೇಷ ತೊಡಿಸಿದ ಫಲಕಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಎರಡು ಲಿಪಿಗಳ ನಡುವೆ ಹೊಂದಬೇಕಾದದ್ದು ಗೆರೆಯ ದಪ್ಪ-ಸಣ್ಣಗಳ ಅಂತರ ಮತ್ತು ದೂರದಿಂದ ಕಾಣುವ ಒಟ್ಟು ಕಪ್ಪು. ‘ಟೈರೊ ಕನ್ನಡ’ ಫಾಂಟಿನ ಗೆರೆಯ ಏರಿಳಿತ ಹಳೆಯ ಶೈಲಿಯ ಸೆರಿಫ್ ಪಕ್ಕದಲ್ಲಿ ಚೆನ್ನಾಗಿ ಕೂರುತ್ತದೆ, ಆದರೆ ಅದರಲ್ಲಿ ದಪ್ಪ ಶೈಲಿ ಇಲ್ಲ, ತಂತ್ರಾಂಶದ ಗುಂಡಿ ಒತ್ತಿ ದಪ್ಪವಾಗಿಸಿದರೆ ‘ಕ್ಷ್ಮಿ’ಯಂಥ ಅಕ್ಷರದ ಒಳಜಾಗಗಳು ಮುಚ್ಚಿಹೋಗುತ್ತವೆ. ದಪ್ಪ ಬೇಕಾದಲ್ಲಿ ಗೆರೆಯ ದಪ್ಪದ ಹಲವು ಹಂತಗಳಿರುವ ‘ನೋಟೊ ಸೆರಿಫ್ ಕನ್ನಡ’ (ಸೆರಿಫ್ ಹೆಸರಿನಲ್ಲಷ್ಟೇ) ವಾಸಿ. ಒತ್ತಕ್ಷರ ಕೆಳಗಿಳಿಯುವುದರಿಂದ ಕೆಳಗಿನ ಇಂಗ್ಲಿಷ್ ಸಾಲನ್ನು ಇನ್ನಷ್ಟು ತಗ್ಗಿಸಬೇಕು.

ಆ ಕಾಫಿ ಪೊಟ್ಟಣಕ್ಕೆ ಮರಳಿದಾಗ ನಾನು ಕನ್ನಡ ಹೆಸರನ್ನು ಮೊದಲು ಬರೆದು, ಅದರ ಅತಿ ಸಣ್ಣ ಗೆರೆಗಿಂತ ತೆಳುವಾದ ಗೆರೆಯಿಲ್ಲದ ಸೆರಿಫನ್ನು ಇಂಗ್ಲಿಷಿಗೆ ಹುಡುಕಿದೆ. ಈ ಸಲ ಮಾಲೀಕರಿಗೆ ಪರದೆ ತೋರಿಸದೆ, ಅದೇ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕಿಸಿದ ತುಂಡೊಂದನ್ನು ಕೈಗಿಟ್ಟೆ.