ಕೂದಲಿದ್ದಲ್ಲಿ ಬಣ್ಣ ಮರಳುತ್ತದೆ

ತೊನ್ನು ಎಂದು ಬರುವವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಎರಡು ಪ್ರಶ್ನೆ ಕೇಳುತ್ತಾರೆ. ಇದು ಕುಷ್ಠವಾ? ಎಷ್ಟು ದಿನಕ್ಕೆ ಹೋಗುತ್ತೆ?

ಮೊದಲನೆಯದಕ್ಕೆ ಉತ್ತರ ನೇರ. ಅಲ್ಲ. ಕುಷ್ಠದ ಮಚ್ಚೆ ಸಾಮಾನ್ಯವಾಗಿ ಮಾಸಲು ಬಣ್ಣದ್ದು, ಅಲ್ಲಿ ಸ್ಪರ್ಶದ ಅರಿವು ಕುಗ್ಗಿರುತ್ತದೆ. ತೊನ್ನು ಸುಣ್ಣದಷ್ಟು ಬಿಳಿ, ಮುಟ್ಟಿದರೆ ಚೆನ್ನಾಗಿಯೇ ಗೊತ್ತಾಗುತ್ತದೆ, ಯಾರಿಗೂ ಅಂಟುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಚರ್ಮಕ್ಕೆ ಬಣ್ಣ ತುಂಬುವ ಮೆಲನೋಸೈಟ್ ಕಣಗಳನ್ನು ನಾಶಮಾಡುವುದರಿಂದ ಬರುವ ಕಾಯಿಲೆ ಇದು. 'ಬಿಳಿ ಕುಷ್ಠ' ಎಂದು ಯಾರು ಹೇಳಿದರೂ ಅಲ್ಲೇ ತಡೆದು ತಿದ್ದುತ್ತೇನೆ. ಆ ಹೆಸರೊಂದರಿಂದಲೇ ಮದುವೆ ಮಾತು ಮುರಿದದ್ದನ್ನು ಕಂಡಿದ್ದೇನೆ.

ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನಾನು ಕಲಿತದ್ದು ತಡವಾಗಿ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬ ಟೈಲರ್ ಬರುತ್ತಿದ್ದರು. ಕಲೆ ಇದ್ದದ್ದು ಬೆರಳ ತುದಿಗಳಲ್ಲಿ ಮಾತ್ರ. ವಾರಕ್ಕೆರಡು ಸಲ ಅಂಗಡಿ ಮುಚ್ಚಿ, ಬಸ್ಸು ಹಿಡಿದು, ಲೈಟ್ ಟ್ರೀಟ್‌ಮೆಂಟ್‌ಗೆ ಬರುತ್ತಿದ್ದರು. ವರ್ಷ ಕಳೆದರೂ ಒಂದು ಚುಕ್ಕೆ ಬಣ್ಣ ಬರಲಿಲ್ಲ. "ಬರುತ್ತೆ, ಬಿಡಬೇಡಿ" ಎಂದು ನಾನು ಹೇಳುತ್ತಲೇ ಇದ್ದೆ. ಬೆರಳ ತುದಿಗೆ ಬೆಳಕು ಹೆಚ್ಚು ಕೆಲಸ ಮಾಡುವುದಿಲ್ಲ ಎಂದು ಮೊದಲ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು.

ಈ ಬೆಳಕು ನ್ಯಾರೋಬ್ಯಾಂಡ್ ಯುವಿಬಿ, ಅಂದರೆ ನೇರಳಾತೀತ ಕಿರಣದ ಒಂದು ಕಿರಿದಾದ ಪಟ್ಟಿ; ತರಂಗಾಂತರ ಸುಮಾರು 311 ನ್ಯಾನೋಮೀಟರ್. ತೊನ್ನಿಗೆ ಇದು ಉಪಯೋಗಕ್ಕೆ ಬರುತ್ತದೆಂದು 1997ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವೈದ್ಯರು ತೋರಿಸಿಕೊಟ್ಟರು. ಮುಂದೆ ನಡೆದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆಯೊಂದು 2017ರಲ್ಲಿ ಬಂತು. ಕಲೆಯ ಮುಕ್ಕಾಲು ಪಾಲಿಗೆ ಬಣ್ಣ ಮರಳಿದವರು ಎಷ್ಟು? ಮುಖ ಮತ್ತು ಕತ್ತಿನಲ್ಲಿ ಶೇ. 44, ಎದೆ-ಬೆನ್ನಿನಲ್ಲಿ ಶೇ. 26, ಕೈಕಾಲುಗಳಲ್ಲಿ ಶೇ. 17. ಅಂಗೈ, ಬೆರಳು, ಪಾದದ ಭಾಗದಲ್ಲಿ ಸೊನ್ನೆ. ಆ ಸೊನ್ನೆ ಓದಿದಾಗ ನನಗೆ ನೆನಪಾದದ್ದು ಆ ಟೈಲರ್.

ಕಾರಣ ಕೂದಲಿನ ಬುಡದಲ್ಲಿದೆ. ಮೇಲ್ಚರ್ಮದ ಬಣ್ಣದ ಕಣಗಳೆಲ್ಲ ಸತ್ತರೂ, ಕೂದಲಿನ ಕೋಶದೊಳಗೆ ಮೆಲನೋಸೈಟಿನ ಬೀಜಕಣಗಳು ಉಳಿದಿರುತ್ತವೆ. ಬಿತ್ತನೆಗೆಂದು ಕಣಜದಲ್ಲಿ ಎತ್ತಿಟ್ಟ ಕಾಳಿನಂತೆ. ಬೆಳಕೋ ಔಷಧಿಯೋ ಅವನ್ನು ಎಬ್ಬಿಸಿದಾಗ ಅವು ಮೇಲೆ ಹತ್ತಿ ಬರುತ್ತವೆ. ಅದಕ್ಕೇ ಮೊದಲು ಕಾಣುವುದು ಕೂದಲ ಸುತ್ತ ಸಾಸಿವೆಯಷ್ಟು ಕಂದು ಚುಕ್ಕೆ. ಚುಕ್ಕೆಗಳು ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅಂಗೈಯಲ್ಲಿ, ಬೆರಳ ತುದಿಯಲ್ಲಿ, ತುಟಿಯಲ್ಲಿ ಕೂದಲಿಲ್ಲ, ಕಣಜವೂ ಇಲ್ಲ. ಕಲೆಯೊಳಗಿನ ಕೂದಲೇ ಬೆಳ್ಳಗಾಗಿದ್ದರೆ ಆ ಕಣಜವೂ ಬರಿದಾಗುತ್ತಿದೆ ಎಂದರ್ಥ. ಅಂಥಲ್ಲಿ ಕಲೆ ಒಂದು ವರ್ಷ ಬೆಳೆಯದೆ ನಿಂತಿದ್ದರೆ, ತೊಡೆಯಿಂದ ಚೂರು ಚರ್ಮ ತೆಗೆದು ಬಣ್ಣದ ಕಣಗಳನ್ನು ಕಸಿ ಮಾಡುವ ದಾರಿಯಿದೆ. ಆದರೂ ಬೆರಳ ತುದಿ ಅದಕ್ಕೂ ಸುಲಭವಾಗಿ ಬಗ್ಗುವ ಜಾಗವಲ್ಲ.

ಅದೇ ವಿಶ್ಲೇಷಣೆ ಕಾಲದ ಲೆಕ್ಕವನ್ನೂ ಕೊಟ್ಟಿತು. ಮುಕ್ಕಾಲು ಪಾಲು ಬಣ್ಣ ಕಂಡವರು ಮೂರು ತಿಂಗಳಿಗೆ ಶೇ. 13, ಆರು ತಿಂಗಳಿಗೆ ಶೇ. 19, ಹನ್ನೆರಡು ತಿಂಗಳಿಗೆ ಶೇ. 36ರ ಹತ್ತಿರ. ನನ್ನಲ್ಲಿಗೆ ಬರುವ ಎಷ್ಟೋ ಜನ ಬಿಟ್ಟುಹೋಗುವುದು ಎರಡನೇ ತಿಂಗಳಿಗೆ, ಬೀಜ ಮೊಳೆಯುವ ಮುನ್ನ.

ಈಚಿನ ವರ್ಷಗಳ ದೊಡ್ಡ ಸುದ್ದಿ, ರಕ್ಷಣಾ ವ್ಯವಸ್ಥೆಯ ಆ ದಾಳಿಯನ್ನು ತಗ್ಗಿಸುವ ರುಕ್ಸೋಲಿಟಿನಿಬ್ ಕ್ರೀಮಿನದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಜುಲೈನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಉತ್ತರ ಅಮೆರಿಕ ಮತ್ತು ಯುರೋಪಿನ 674 ಜನರ ಮೇಲೆ ನಡೆದ ಎರಡು ಪ್ರಯೋಗಗಳಲ್ಲಿ, 24 ವಾರಕ್ಕೆ ಮುಖದ ಕಲೆ ಮುಕ್ಕಾಲು ಪಾಲು ಸುಧಾರಿಸಿದವರು ಸುಮಾರು ಶೇ. 30. ಔಷಧಿಯಿಲ್ಲದ ಬರೀ ಕ್ರೀಮ್ ಹಚ್ಚಿಕೊಂಡವರಲ್ಲಿ ಒಂದು ಪ್ರಯೋಗದಲ್ಲಿ ಶೇ. 7, ಇನ್ನೊಂದರಲ್ಲಿ ಶೇ. 11. ಈ ಬರೀ ಕ್ರೀಮಿನ ಗುಂಪಿನ ಕಡೆ ಸ್ವಲ್ಪ ಗಮನ ಕೊಡಿ. ಏನೂ ಔಷಧಿ ಮುಟ್ಟದೆಯೂ ಕೆಲವರಿಗೆ ಬಣ್ಣ ಬಂದಿದೆ. ಹೋಲಿಸಿ ನೋಡಲು ಇಂಥ ಗುಂಪು ಇಲ್ಲದಿದ್ದರೆ, ಆ ಹತ್ತರಲ್ಲೊಬ್ಬರ ಗುಣವನ್ನೂ ಔಷಧಿಯ ಲೆಕ್ಕಕ್ಕೆ ಬರೆದುಬಿಡುತ್ತಿದ್ದರು. ಪಕ್ಕದೂರಿನ ಬೇರು ತಿಂದು, ಮೊಸರು-ಹುಳಿ ಬಿಟ್ಟು ವಾಸಿಯಾಯಿತು ಎಂಬ ಮಾತಿಗೂ ಇದೇ ತಕ್ಕಡಿ ಬೇಕು. ಆ ಪ್ರಯೋಗಗಳಲ್ಲಿದ್ದವರು ಬಹುಪಾಲು ಬಿಳಿ ಚರ್ಮದವರು ಎನ್ನುವುದೂ ನನ್ನನ್ನು ಕಾಡುತ್ತದೆ. ಕಲೆ ಎದ್ದು ಕಾಣುವುದು, ನೋವು ಕೊಡುವುದು ನಮ್ಮಂಥ ಕಂದು ಮೈಯಲ್ಲಿ. ಇಂಥ ಪ್ರಯೋಗಗಳು ಇಲ್ಲಿಯೂ ದೊಡ್ಡದಾಗಿ ನಡೆಯಬೇಕು.

ಬಾವಂಚಿ ಬೀಜದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರಲ್ಲಿರುವ ಸೊರಾಲೆನ್ ಬಿಸಿಲಿಗೆ ಚುರುಕಾಗುವ ನಿಜವಾದ ಔಷಧಿಯೇ. ಆದರೆ ಮನೆಯಲ್ಲಿ ಅರೆದು ಹಚ್ಚಿ ಮಧ್ಯಾಹ್ನದ ಬಿಸಿಲಿಗೆ ನಿಂತರೆ ಅಳತೆ ತಪ್ಪಿ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಗಾಯವಾದಲ್ಲೇ ಹೊಸ ಕಲೆ ಹುಟ್ಟಬಹುದು. ದಯವಿಟ್ಟು ಬೇಡ.

ಈಗ ನಾನು ಮೊದಲ ಭೇಟಿಯಲ್ಲೇ ಭೂತಗನ್ನಡಿ ಕೊಟ್ಟು ಕಲೆಯೊಳಗಿನ ಕೂದಲನ್ನು ಅವರಿಗೇ ತೋರಿಸುತ್ತೇನೆ, ಫೋಟೋ ತೆಗೆದಿಡುತ್ತೇನೆ. ಕಳೆದ ತಿಂಗಳು ಮೊಣಕಾಲಿನ ಕಲೆಗೆ ಬರುವ ಹುಡುಗಿಯೊಬ್ಬಳ ತಾಯಿ, "ಮೇಡಂ, ಐದು ತಿಂಗಳಾಯ್ತು" ಎಂದು ಬೇಸರದಿಂದಲೇ ಕೂತರು. ಹಳೆಯ ಫೋಟೋ ಪಕ್ಕದಲ್ಲಿಟ್ಟೆ. ಅವರು ಮಗಳ ಮೊಣಕಾಲಿಗೆ ಬಗ್ಗಿ, ಬೆರಳಿಟ್ಟು, ಕಂದು ಚುಕ್ಕೆ ಎಣಿಸತೊಡಗಿದರು. ಹದಿನೇಳು.